ಗವಿಯ ಅಪ್ಪಣೆ

1959ರ ಸೆಪ್ಟೆಂಬರ್. ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪದಲ್ಲಿ, ಚಿಚೆನ್ ಇತ್ಸಾದ ಹೆಸರಾಂತ ಪಿರಮಿಡ್ಡಿನಿಂದ ಕೆಲವೇ ಕಿಲೋಮೀಟರ್ ದೂರದ ಒಂದು ಗವಿಯೊಳಗೆ ಹೊಸೆ ಉಂಬೆರ್ತೊ ಗೋಮೆಸ್ ಎಂಬಾತ ಗೋಡೆಯನ್ನು ಬಡಿದು ನೋಡುತ್ತಿದ್ದ. ಆತ ಪ್ರವಾಸಿಗರಿಗೆ ಅವಶೇಷಗಳನ್ನು ತೋರಿಸುವ ಗೈಡ್. ಆ ಗವಿ ಅವನಿಗೆ ಹೊಸದೇನಲ್ಲ, ವರ್ಷಗಳಿಂದ ಬಂದುಹೋಗುತ್ತಿದ್ದ ಜಾಗ. ಸುತ್ತಲಿನ ಊರುಗಳವರಿಗೂ ಅದು ಗೊತ್ತಿತ್ತು. ಆದರೆ ಅಂದು ಗೋಡೆಯ ಒಂದು ಭಾಗ ಸಹಜವಾದ ಬಂಡೆಯಲ್ಲ, ಯಾರೋ ಕಲ್ಲು-ಗಾರೆಯಿಂದ ಮುಚ್ಚಿದ ಬಾಗಿಲು ಎಂದು ಅವನಿಗೆ ಅನ್ನಿಸಿತು. ಕಲ್ಲುಗಳನ್ನು ಕಿತ್ತಾಗ ಆಚೆಗೆ ಇಕ್ಕಟ್ಟಾದ ದಾರಿ ಕಾಣಿಸಿತು. ಸುಮಾರು ಸಾವಿರ ವರ್ಷ ಯಾರೂ ನಡೆಯದ ದಾರಿ ಅದು.

ದಾರಿಯ ಕೊನೆಗೆ ಒಂದು ದೊಡ್ಡ ಕೋಣೆ. ಅದರ ನಡುವೆ ನೆಲದಿಂದ ಮೇಲೆದ್ದ ಸುಣ್ಣಕಲ್ಲಿನ ಕಂಬ ಚಾವಣಿಯಿಂದ ಇಳಿದ ಕಲ್ಲಿನ ಸಾಲುಗಳೊಂದಿಗೆ ಕೂಡಿಕೊಂಡು, ಕೊಂಬೆ ಹರಡಿದ ಮಹಾವೃಕ್ಷದ ಹಾಗೆ ನಿಂತಿತ್ತು. ಅದರ ಬುಡದ ಸುತ್ತ ಧೂಪ ಹಾಕುವ ಮಣ್ಣಿನ ಮತ್ತು ಕಲ್ಲಿನ ಪಾತ್ರೆಗಳು. ಅವುಗಳಲ್ಲಿ ಎಷ್ಟೋ ಪಾತ್ರೆಗಳ ಮೇಲೆ ಉಬ್ಬಿದ ದುಂಡು ಕಣ್ಣುಗಳ ಟ್ಲಾಲೋಕ್, ಅಂದರೆ ಮಧ್ಯ ಮೆಕ್ಸಿಕೋದ ಮಳೆದೇವರ ಮುಖ. ಮಾಯಾ ಜನರ ಸ್ವಂತ ಮಳೆದೇವರ ಹೆಸರು ಚಾಕ್. ಟ್ಲಾಲೋಕ್ ದೂರದಿಂದ ಬಂದವನು. ಪಾತ್ರೆಗಳ ಜೊತೆಗೆ ಮೆಕ್ಕೆಜೋಳ ಅರೆಯುವ ಕಲ್ಲುಗಳೂ ಗುಂಡುಗಳೂ ನೂರಾರು ಇದ್ದವು. ಆದರೆ ಎಲ್ಲವೂ ಅಂಗೈ ಮೇಲೆ ಹಿಡಿಸುವಷ್ಟು ಚಿಕ್ಕವು, ಮಕ್ಕಳ ಆಟಿಕೆಯ ಅಳತೆಯವು. ಇನ್ನೂ ಮುಂದೆ ಹೋದರೆ ಅಲುಗಾಡದ ತಿಳಿನೀರಿನ ಕೊಳ.

ಸುದ್ದಿ ತಿಳಿದು ಅಮೆರಿಕದ ಪುರಾತತ್ತ್ವಜ್ಞ ಇ. ವಿಲಿಸ್ ಆಂಡ್ರೂಸ್ ತಮ್ಮ ತಂಡದೊಂದಿಗೆ ಬಂದು ಅಳತೆ ಮಾಡುವ, ಚಿತ್ರ ತೆಗೆಯುವ ಕೆಲಸ ಶುರುಮಾಡಿದರು. ಆಗ ಪಕ್ಕದ ಶ್ಕಲಾಕೋಪ್ ಊರಿನಿಂದ ಒಬ್ಬರು ಬಂದರು. ಹೆಸರು ರೊಮುವಾಲ್ಡೊ ಹೊಯಿಲ್. ಅವರು ಊರಿನ 'ಹ್-ಮೆನ್'. ಯುಕಟಾನಿನ ಮಾಯಾ ಭಾಷೆಯಲ್ಲಿ 'ಮೆನ್' ಎಂದರೆ ಮಾಡು. ಹ್-ಮೆನ್ ಎಂದರೆ ಮಾಡುವವನು. ಮಳೆಗೆ, ಬೆಳೆಗೆ, ರೋಗಕ್ಕೆ ಮಾಡಬೇಕಾದದ್ದನ್ನು ಬಲ್ಲವನು. ಹೊಯಿಲ್ ಹೇಳಿದ್ದು ಇಷ್ಟು: ಈ ಗವಿಗೆ ಒಡೆಯರಿದ್ದಾರೆ. ನೀವು ಅವರನ್ನು ಕೇಳದೆ ಒಳಗೆ ಹೋಗಿದ್ದೀರಿ. ಹೋದವರಿಗೂ ಸುತ್ತಲಿನ ಊರುಗಳಿಗೂ ಇದರಿಂದ ಕೇಡು ತಪ್ಪದು. ಆಗಬೇಕಾದ ಶಾಂತಿಯನ್ನು ಗವಿಯೊಳಗೇ ಮಾಡಬೇಕು, ಮತ್ತು ಒಳಗೆ ಹೋದವರೆಲ್ಲ ಅದರಲ್ಲಿ ಕೂರಬೇಕು.

ಆಂಡ್ರೂಸ್ ಒಪ್ಪಿದರು. ಧೂಪ, ಮೇಣದ ಬತ್ತಿ, ಜೇನು, ಕೋಳಿ, ಬಾಲ್ಚೆ ಎಂಬ ತೊಗಟೆಯ ಹೆಂಡ, ಎಲ್ಲವೂ ಆ ಸೆಕೆಯ, ಉಸಿರು ಕಟ್ಟುವ ಕತ್ತಲಿಗೆ ಇಳಿದವು. ಗಂಟೆಗಟ್ಟಲೆ ನಡೆದ ಆ ಪೂಜೆಯಲ್ಲಿ ವಿಜ್ಞಾನಿಗಳು ನೋಡುಗರಾಗಿ ಉಳಿಯಲಿಲ್ಲ, ಕ್ಷಮೆ ಕೇಳುವವರ ಸಾಲಿನಲ್ಲಿ ಕೂತರು. ಹೊಯಿಲ್ ನುಡಿದದ್ದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಮಾಯಾ ಭಾಷೆಯ ದೊಡ್ಡ ವಿದ್ವಾಂಸ ಆಲ್ಫ್ರೆಡೊ ಬರೇರಾ ವಾಸ್ಕೆಸ್ ಅದನ್ನು ಬರಹಕ್ಕೆ ಇಳಿಸಿ ಸ್ಪ್ಯಾನಿಷ್‌ಗೆ ಅನುವಾದಿಸಿದರು. 1970ರಲ್ಲಿ ಪ್ರಕಟವಾದ ಆಂಡ್ರೂಸರ ವರದಿಯಲ್ಲಿ ಮಡಕೆಗಳ ಪಟ್ಟಿ, ನಕ್ಷೆಗಳ ಜೊತೆಗೆ ಆ ಪೂಜೆಯ ಮಾತುಗಳೂ ಸೇರಿದವು. ಮಾಯಾ ಭಾಷೆಯಲ್ಲಿ ಆ ವಿಧಿಯ ಹೆಸರನ್ನು ಕನ್ನಡಕ್ಕೆ ತಂದರೆ 'ಒಡೆಯರಿಗೆ ಗೌರವದ ಮಾತು' ಎಂದಾಗುತ್ತದೆ. ಮೂಲದಲ್ಲಿರುವ 'ಯುಮ್' ಎಂಬ ಪದಕ್ಕೆ ಒಡೆಯ, ಯಜಮಾನ, ತಂದೆ ಎಂಬ ಅರ್ಥಗಳಿವೆ. ಸ್ಪ್ಯಾನಿಷ್‌ನ 'ಸೆನ್ಯೋರ್' ಎಂಬ ಪದದಲ್ಲಿ ತಂದೆಯ ಅರ್ಥ ಕೇಳಿಸುವುದಿಲ್ಲ. ಕನ್ನಡದ 'ಅಪ್ಪ' ಅದಕ್ಕೆ ಇನ್ನಷ್ಟು ಹತ್ತಿರ: ಮನೆಯ ಅಪ್ಪನಿಗೂ ಗುಡ್ಡದ ದೇವರಿಗೂ ನಾವು ಒಂದೇ ಪದ ಬಳಸುತ್ತೇವಲ್ಲ, ಹಾಗೆ.

ಈ ಗವಿಯ ಹೆಸರು ಬಾಲಾಂಕಾಂಚೆ. ಬಾಲಾಮ್ ಎಂದರೆ ಜಾಗ್ವಾರ್, ಅಮೆರಿಕ ಖಂಡದ ದೊಡ್ಡ ಚುಕ್ಕೆಹುಲಿ. ಕಾಂಚೆ ಎಂದರೆ ಪೀಠ.

*

ಒಂದು ಗವಿಗೆ ಒಡೆಯರು ಏಕೆ ಬೇಕು ಎಂಬುದು ತಿಳಿಯಲು ಮೊದಲು ಆ ನೆಲವನ್ನು ನೋಡಬೇಕು. ಯುಕಟಾನಿನ ಉತ್ತರ ಭಾಗ ಪೂರ್ತಿ ಸುಣ್ಣಕಲ್ಲು. ಅಲ್ಲಿ ಹೊಳೆಗಳಿಲ್ಲ. ಬಿದ್ದ ಮಳೆ ಕಲ್ಲನ್ನು ಕರಗಿಸಿಕೊಂಡು ಕೆಳಗಿಳಿದು ನೆಲದಡಿಯಲ್ಲಿ ಹರಿಯುತ್ತದೆ. ಎಲ್ಲೋ ಗವಿಯ ಚಾವಣಿ ಕುಸಿದಲ್ಲಿ ಆ ನೀರು ಕಣ್ಣಿಗೆ ಬೀಳುತ್ತದೆ. ಅಂಥ ಬಾವಿಯಂತಹ ಕುಳಿಗಳಿಗೆ ಮಾಯಾ ಹೆಸರು 'ತ್ಸೊನೊತ್'. ಸ್ಪ್ಯಾನಿಷರ ಬಾಯಲ್ಲಿ ಅದು 'ಸೆನೋಟೆ' ಆಯಿತು. ಮಳೆ ಮೇಲಿನಿಂದ ಬರುತ್ತದೆ ನಿಜ, ಆದರೆ ನೀರು ಸಿಗುವುದು ಕೆಳಗೆ. ಮೋಡ ಹುಟ್ಟುವುದೂ ಗವಿಯಲ್ಲೇ ಎಂಬ ನಂಬಿಕೆ ಇಂದಿಗೂ ಹಲವು ಮಾಯಾ ಸಮುದಾಯಗಳಲ್ಲಿದೆ. ನಸುಕಿನಲ್ಲಿ ಗವಿಬಾಯಿಂದ ಏಳುವ ಮಂಜನ್ನು ಕಂಡವರಿಗೆ ಅದು ವಿಚಿತ್ರವಾಗಿ ತೋರದು.

ಮಾಯಾ ಎಂಬುದು ಒಂದೇ ಭಾಷೆಯ ಹೆಸರಲ್ಲ; ಮೂವತ್ತರ ಆಸುಪಾಸಿನ ಭಾಷೆಗಳ ಕುಟುಂಬ. ಆ ಕುಟುಂಬದ ತುಂಬ ಹರಡಿರುವ ಒಂದು ಪದ 'ಚೆಎನ್'. ಮೊದಲಿನ 'ಚ' ನಮ್ಮ ಅಲ್ಪಪ್ರಾಣವೂ ಅಲ್ಲ, ಮಹಾಪ್ರಾಣವೂ ಅಲ್ಲ; ಗಂಟಲನ್ನು ಕ್ಷಣಕಾಲ ಬಿಗಿಹಿಡಿದು ಸಿಡಿಸುವ 'ಚ'. ಚಿಯಾಪಾಸ್ ಬೆಟ್ಟಸೀಮೆಯ ತ್ಸೊತ್ಸಿಲ್ ಭಾಷೆಯಲ್ಲಿ ಆ ಪದಕ್ಕೆ ಗವಿ ಎಂಬ ಅರ್ಥ. ಹೊಳೆಯಿಲ್ಲದ ಯುಕಟಾನಿನ ಇಂದಿನ ಆಡುಮಾತಿನಲ್ಲಿ ಅದಕ್ಕೆ ಬಾವಿ ಎಂಬ ಅರ್ಥ. ಆ ಸೀಮೆಯಲ್ಲಿ ಬೊಲೊಂಚೆನ್ ಎಂಬ ಊರಿದೆ. ಬೊಲೊನ್ ಎಂದರೆ ಒಂಬತ್ತು. ಬೊಲೊಂಚೆನ್ ಎಂದರೆ ಒಂಬತ್ತು ಬಾವಿ. 1840ರ ದಶಕದಲ್ಲಿ ಅಲ್ಲಿಗೆ ಹೋದ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಚಿತ್ರಕಾರ ಫ್ರೆಡರಿಕ್ ಕ್ಯಾಥರ್‌ವುಡ್, ಊರ ಬಾವಿಗಳು ಬತ್ತಿದಾಗ ಜನ ಸಮೀಪದ ಗವಿಯೊಳಗೆ ಮರದ ದೈತ್ಯ ಏಣಿಯಲ್ಲಿ ಇಳಿದು ಬೆನ್ನ ಮೇಲೆ ನೀರು ಹೊತ್ತು ತರುವುದನ್ನು ಕಂಡರು. ಕ್ಯಾಥರ್‌ವುಡ್ ಬಿಡಿಸಿದ ಆ ಏಣಿಯ ಚಿತ್ರ ಇಂದಿಗೂ ಮಾಯಾ ನಾಡಿನ ಅತಿ ಪರಿಚಿತ ಚಿತ್ರಗಳಲ್ಲಿ ಒಂದು. ಗವಿಯೂ ಬಾವಿಯೂ ಒಂದೇ ಪದವಾಗಿದ್ದು ಹೇಗೆ ಎಂದು ಅದನ್ನು ನೋಡಿದವರಿಗೆ ವಿವರಿಸಬೇಕಿಲ್ಲ.

ಹಳೆಯ ಶಾಸನಗಳಲ್ಲಿ ಇದೇ ಪದ ಇನ್ನೂ ದೊಡ್ಡದನ್ನು ಹೊರುತ್ತದೆ. ಕಬ್ ಎಂದರೆ ನೆಲ. 'ಕಬ್-ಚೆಎನ್', ಅಂದರೆ 'ನೆಲ-ಗವಿ', ಎಂದು ಜೋಡಿಸಿ ಬರೆದರೆ ಅದರ ಅರ್ಥ ಒಬ್ಬ ಅರಸನ ನಾಡು, ಅವನ ಊರು. ಕನ್ನಡದಲ್ಲಿ 'ಮನೆ-ಮಠ', 'ನೆಲ-ಜಲ' ಎನ್ನುವಾಗಲೂ ಎರಡು ಪದ ಸೇರಿ ಮೂರನೆಯದೊಂದನ್ನು ಹೇಳುತ್ತವೆ. ನೆಲ-ಜಲ ಎಂದರೆ ಬರಿಯ ಮಣ್ಣೂ ನೀರೂ ಅಲ್ಲ, ನಮ್ಮ ನಾಡು. ಯುದ್ಧದಲ್ಲಿ ಶತ್ರುವಿನ ಊರನ್ನು ಸುಟ್ಟದ್ದನ್ನು ದಾಖಲಿಸುವಾಗ ಮಾಯಾ ಲಿಪಿಕಾರರು 'ಅವನ ಗವಿ ಸುಟ್ಟಿತು' ಎಂದು ಬರೆದರು.

ಗವಿಯೊಳಗೆ ಚಾವಣಿಯಿಂದ ತೊಟ್ಟಿಕ್ಕುವ ನೀರಿಗೆ 'ಸುಹುಯ್ ಹಾ' ಎಂದು ಹೆಸರು. ಹಾ ಎಂದರೆ ನೀರು. ಸುಹುಯ್ ಪದವನ್ನು ಸ್ಪ್ಯಾನಿಷ್‌ನಲ್ಲಿ 'ಕನ್ಯೆ' ಎಂದು ಅನುವಾದಿಸಿದರು. ನಮ್ಮಲ್ಲಿ ಅದಕ್ಕೆ ಸರಿಯಾದ ಪದವೇ ಇದೆ: ಮಡಿ. ಯಾರೂ ಮುಟ್ಟದ, ಬಳಸದ, ಬೆಳಕು ಕಾಣದ ಮಡಿನೀರು. ಮಳೆಗೆ ಮೊರೆಯಿಡುವ ಪೂಜೆಗೆ ಅದೇ ಬೇಕು. ಪ್ರಾಚೀನರು ಆ ತೊಟ್ಟನ್ನು ಹಿಡಿಯಲು ಇಟ್ಟ ಮಡಕೆಗಳು, ಕಲ್ಲುಬಾನಿಗಳು ಎಷ್ಟೋ ಗವಿಗಳಲ್ಲಿ ಸಿಕ್ಕಿವೆ.

ಇದೇ ಗವಿಯ ಇನ್ನೊಂದು ಮುಖ ಸಾವು. ಗ್ವಾಟೆಮಾಲಾದ ಕಿಚೆ ಜನರ 'ಪೊಪೊಲ್ ವೂಹ್' 16ನೇ ಶತಮಾನದಲ್ಲಿ ಲ್ಯಾಟಿನ್ ಲಿಪಿಯಲ್ಲಿ ಬರಹಕ್ಕೆ ಇಳಿದ ಪುರಾಣ. ಅದರಲ್ಲಿ ನೆಲದಡಿಯ ಲೋಕದ ಹೆಸರು ಶಿಬಾಲ್ಬಾ, ಭಯದ ತಾಣ. ಅಲ್ಲಿನ ಅರಸರು ಇಬ್ಬರು ಅಣ್ಣತಮ್ಮಂದಿರನ್ನು ಚೆಂಡಾಟಕ್ಕೆ ಕರೆಸುತ್ತಾರೆ. ಬಂದ ಅತಿಥಿಗಳು ಸಿಂಹಾಸನದಲ್ಲಿ ಕೂತವರಿಗೆ ನಮಸ್ಕರಿಸುತ್ತಾರೆ. ಕೂತದ್ದು ಮರದ ಗೊಂಬೆಗಳು. ಅರಸರು ನಗುತ್ತಾರೆ, ಅಣ್ಣತಮ್ಮಂದಿರು ಮುಂದೆ ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಮುಂದಿನ ತಲೆಮಾರಿನ ಅವಳಿಗಳು ಜಾಣರು. ಅವರು ಮೊದಲು ಸೊಳ್ಳೆಯೊಂದನ್ನು ಕಳಿಸುತ್ತಾರೆ. ಕಚ್ಚಿಸಿಕೊಂಡವರು ಕೂಗಿಕೊಂಡಾಗ ಪಕ್ಕದವರು ಹೆಸರು ಹಿಡಿದು ಏನಾಯಿತೆಂದು ಕೇಳುತ್ತಾರೆ. ಹೀಗೆ ಎಲ್ಲರ ಹೆಸರೂ ಗೊತ್ತಾಗುತ್ತದೆ. ಅವಳಿಗಳು ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆದು ನಮಸ್ಕರಿಸುತ್ತಾರೆ, ಕೊನೆಗೆ ಗೆಲ್ಲುತ್ತಾರೆ. ಕೆಳಲೋಕಕ್ಕೆ ಹೋಗುವವರು ಅಲ್ಲಿ ಯಾರಿದ್ದಾರೆಂದು ತಿಳಿದಿರಬೇಕು, ಅವರನ್ನು ಸರಿಯಾಗಿ ಮಾತಾಡಿಸಬೇಕು. ಹೊಯಿಲ್ ಆಂಡ್ರೂಸರಿಗೆ ಹೇಳಿದ್ದೂ ಇದನ್ನೇ.

ಈ ಲೆಕ್ಕಾಚಾರ ಪುರಾಣದಲ್ಲಷ್ಟೇ ಇಲ್ಲ. 1957ರಿಂದ ಚಿಯಾಪಾಸಿನ ಸಿನಾಕಾಂತಾನ್ ಊರಿನಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಇವಾನ್ ವೋಗ್ಟ್ ಅಲ್ಲಿನ ಭೂಮಿಯೊಡೆಯನ ಬಗ್ಗೆ ಬರೆದಿದ್ದಾರೆ. ಮರ ಕಡಿದರೆ, ನೀರು ತಂದರೆ, ಮನೆ ಕಟ್ಟಲು ಮಣ್ಣು ಅಗೆದರೆ ಅದೆಲ್ಲ ಅವನದು. ಬದಲಿಗೆ ಕೊಡಬೇಕಾದದ್ದನ್ನು ಕೊಡಬೇಕು. ಗವಿ ಅವನ ಮನೆಯ ಬಾಗಿಲು. ಜನರ ವರ್ಣನೆಯಲ್ಲಿ ಅವನು ಹಣದ ರಾಶಿಯ ಮೇಲೆ ಕೂತ, ಮಾಯಾ ಅಲ್ಲದ, ಕೊಬ್ಬಿದ ಸಾಹುಕಾರ. ನಾಲ್ಕು ಶತಮಾನಗಳ ಜಮೀನ್ದಾರಿಕೆಯನ್ನು ಉಂಡ ಜನ ದೇವರಿಗೂ ಅದೇ ಮುಖ ಕೊಟ್ಟಿದ್ದರು.

*

ಕೇಳದೆ ಒಳಹೋದವರ ಚರಿತ್ರೆ 1959ಕ್ಕಿಂತ ಬಹಳ ಹಿಂದಿನದು. 1562ರ ಮೇ ತಿಂಗಳಲ್ಲಿ ಯುಕಟಾನಿನ ಮಾನಿ ಎಂಬ ಊರಿನ ಬಳಿ ಇಬ್ಬರು ಹುಡುಗರು ಒಂದು ಗವಿಯಲ್ಲಿ ವಿಗ್ರಹಗಳನ್ನೂ ಮನುಷ್ಯರ ತಲೆಬುರುಡೆಗಳನ್ನೂ ಕಂಡರು. ಮಾನಿ ಕ್ರೈಸ್ತವಾಗಿ ಆಗಲೇ ವರ್ಷಗಳು ಕಳೆದಿದ್ದವು, ಅಲ್ಲಿ ಫ್ರಾನ್ಸಿಸ್ಕನ್ ಮಠವಿತ್ತು. ವಿಷಯ ಪಾದ್ರಿಗಳಿಗೆ ತಲುಪಿತು. ಯುಕಟಾನಿನ ಫ್ರಾನ್ಸಿಸ್ಕನ್ನರ ಮುಖ್ಯಸ್ಥ ದಿಯೆಗೊ ದೆ ಲಾಂಡಾ ತಾನೇ ವಿಚಾರಣೆಗೆ ನಿಂತ.

ವಿಚಾರಣೆ ಎಂದರೆ ಮುಂಗೈಗಳಿಗೆ ಹಗ್ಗ ಕಟ್ಟಿ ಮೇಲಕ್ಕೆ ನೇತುಹಾಕುವುದು, ಕಾಲಿಗೆ ಕಲ್ಲು ಕಟ್ಟುವುದು, ಚಾಟಿಯಿಂದ ಹೊಡೆಯುವುದು. ನೋವು ತಾಳದೆ ಜನ ಇದ್ದ ವಿಗ್ರಹಗಳನ್ನೂ ತಂದುಕೊಟ್ಟರು, ಇಲ್ಲದ ವಿಗ್ರಹಗಳನ್ನೂ ಒಪ್ಪಿಕೊಂಡರು. ನಂತರ ನಡೆದ ತನಿಖೆಯ ಲೆಕ್ಕದಲ್ಲಿ ಚಿತ್ರಹಿಂಸೆಗೆ ಗುರಿಯಾದವರು 4,500ಕ್ಕೂ ಹೆಚ್ಚು. ಅದರಿಂದಲೇ ಸತ್ತವರು 158. 1562ರ ಜುಲೈ 12ರಂದು ಮಾನಿಯ ಬಯಲಿನಲ್ಲಿ ವಿಗ್ರಹಗಳ ರಾಶಿಯ ಜೊತೆಗೆ ಮಾಯಾ ಲಿಪಿಯ ಪುಸ್ತಕಗಳನ್ನೂ ಸುಡಲಾಯಿತು. ಅತ್ತಿಮರದ ತೊಗಟೆಯಿಂದ ಮಾಡಿದ, ಮಡಿಸಿಡುವ ಪುಸ್ತಕಗಳು ಅವು. ತಾವು ಅವನ್ನು ಸುಟ್ಟಾಗ ಜನ ಬಹಳ ದುಃಖಪಟ್ಟರೆಂದು ಲಾಂಡಾ ತಾನೇ ಮುಂದೆ ಬರೆದ. ಅಂಥ ಪುಸ್ತಕಗಳಲ್ಲಿ ಇಂದು ಇಡೀ ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು.

ಆ ವರ್ಷವೇ ಬಂದ ಹೊಸ ಬಿಷಪ್ ಫ್ರಾನ್ಸಿಸ್ಕೊ ದೆ ತೊರಾಲ್ ಈ ಕ್ರೌರ್ಯವನ್ನು ನಿಲ್ಲಿಸಿದರು. ಲಾಂಡಾ ಸ್ಪೇನಿಗೆ ಹೋಗಿ ಉತ್ತರ ಕೊಡಬೇಕಾಯಿತು. ಅಲ್ಲಿ, 1566ರ ಸುಮಾರಿಗೆ, ಯುಕಟಾನಿನ ಜನ, ಪದ್ಧತಿ, ಪಂಚಾಂಗಗಳ ಬಗ್ಗೆ ಒಂದು ದೀರ್ಘ ವೃತ್ತಾಂತ ಬರೆದ. ಕೊನೆಗೆ ದೋಷಮುಕ್ತನಾಗಿ, 1573ರಲ್ಲಿ ಅದೇ ಯುಕಟಾನಿಗೆ ಬಿಷಪ್ಪನಾಗಿ ಮರಳಿದ.

ಲಾಂಡಾನ ವೃತ್ತಾಂತದಲ್ಲಿ ಒಂದು ಪುಟವಿದೆ. ಮಾಯಾ ಬರಹ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಆತ ಸ್ಪ್ಯಾನಿಷ್ ಅಕ್ಷರಮಾಲೆಯನ್ನು ಹೇಳುತ್ತ ಹೋಗಿದ್ದಾನೆ. ಅವರು ಒಂದೊಂದಕ್ಕೂ ಒಂದು ಚಿಹ್ನೆ ಬರೆದುಕೊಟ್ಟಿದ್ದಾರೆ. ಸ್ಪ್ಯಾನಿಷ್‌ನಲ್ಲಿ 'ಬ' ಧ್ವನಿಯ ಅಕ್ಷರದ ಹೆಸರು 'ಬೆ'. ಮಾಯಾದಲ್ಲಿ 'ಬೆ' ಎಂದರೆ ದಾರಿ. ಲಿಪಿಕಾರರು ಹೆಜ್ಜೆಗುರುತಿನ ಚಿಹ್ನೆ ಬರೆದರು. ಲಾಂಡಾ ಅದನ್ನು 'ಬ್' ಎಂಬ ಅಕ್ಷರವೆಂದುಕೊಂಡ. ಮಾಯಾ ಲಿಪಿಯಲ್ಲಿ ಬಿಡಿ ವ್ಯಂಜನಗಳಿಗೆ ಚಿಹ್ನೆಯೇ ಇರಲಿಲ್ಲ. ಇದ್ದದ್ದು ಪದಚಿಹ್ನೆಗಳು ಮತ್ತು ಕ, ಕೆ, ಕಿ, ಕೊ, ಕು ಎಂಬಂಥ ಪೂರ್ಣ ಉಚ್ಚಾರಾಂಶಗಳು. ಲಾಂಡಾ ಎಬಿಸಿಡಿಯ ಬದಲು ಕಾಗುಣಿತ ಕೇಳಿದ್ದರೆ ಸರಿಯಾದ ಉತ್ತರ ಸಿಗುತ್ತಿತ್ತು. ಅದೇ ಪುಟದ ಕೆಳಗೆ, ಯಾವುದಾದರೂ ಒಂದು ವಾಕ್ಯ ಬರೆದು ತೋರಿಸಿ ಎಂದಿದ್ದಕ್ಕೆ ಆ ಲಿಪಿಕಾರರು ಬರೆದ ಮಾತಿನ ಅರ್ಥ: ನನಗೆ ಇಷ್ಟವಿಲ್ಲ.

ಆ ವೃತ್ತಾಂತದ ಪ್ರತಿಯೊಂದು ಮ್ಯಾಡ್ರಿಡ್‌ನಲ್ಲಿ ಸಿಕ್ಕಿ 1864ರಲ್ಲಿ ಅಚ್ಚಾಯಿತು. ಲಾಂಡಾನ 'ಅಕ್ಷರಮಾಲೆ'ಯನ್ನು ಹಿಡಿದು ಓದಲು ಹೋದವರೆಲ್ಲ ಸೋತರು. ಅದು ಕೆಲಸಕ್ಕೆ ಬಾರದ್ದೆಂದು ವಿದ್ವಾಂಸರು ಕೈಬಿಟ್ಟರು. 1952ರಲ್ಲಿ ಸೋವಿಯತ್ ಭಾಷಾವಿದ ಯೂರಿ ಕ್ನೊರೊಜೋವ್ ಅದನ್ನು ಉಚ್ಚಾರಾಂಶಗಳ ಪಟ್ಟಿಯೆಂದು ಓದಿ ತೋರಿಸಿದರು. 'ಕು' ಮತ್ತು 'ತ್ಸು' ಪಕ್ಕಪಕ್ಕ ಬಂದರೆ 'ಕುತ್ಸ್' ಎಂದಾಗುತ್ತದೆ, ಕೊನೆಯ ಸ್ವರ ಉಚ್ಚಾರಕ್ಕೆ ಬರುವುದಿಲ್ಲ. ಕುತ್ಸ್ ಎಂದರೆ ಟರ್ಕಿ ಕೋಳಿ, ಮತ್ತು ಪುಸ್ತಕದಲ್ಲಿ ಆ ಚಿಹ್ನೆಗಳ ಕೆಳಗೆ ಇದ್ದದ್ದು ಅದೇ ಕೋಳಿಯ ಚಿತ್ರ. ಶೀತಲ ಸಮರದ ದಿನಗಳಲ್ಲಿ ಪಶ್ಚಿಮದ ದೊಡ್ಡ ವಿದ್ವಾಂಸರು ಈ ಮಾತನ್ನು ಒಪ್ಪಲು ದಶಕಗಳೇ ಬೇಕಾದವು. ಒಂದು ಗವಿಯ ನೆಪದಲ್ಲಿ ಒಂದು ಲಿಪಿಯ ಪುಸ್ತಕಗಳನ್ನು ಸುಟ್ಟವನ ಪುಟವೇ ಆ ಲಿಪಿಗೆ ಕೀಲಿಯಾಯಿತು. ಇದರಿಂದ ಲಾಂಡಾನ ಲೆಕ್ಕ ಚುಕ್ತಾ ಆಗುವುದಿಲ್ಲ. ಕೀಲಿ ಕೊಟ್ಟವರು ಇಷ್ಟವಿಲ್ಲ ಎಂದು ಬರೆದ ಆ ಲಿಪಿಕಾರರು.

*

ಆ ಕೀಲಿಯಿಂದ ತೆರೆದ ಬಾಗಿಲುಗಳಲ್ಲಿ ಒಂದು ಗ್ವಾಟೆಮಾಲಾದ ಪೆತೆನ್ ಕಾಡಿನಲ್ಲಿದೆ. 1979ರಲ್ಲಿ ಬೇಟೆಗೆ ಹೋದ ಸ್ಥಳೀಯ ರೈತ ಕುಟುಂಬದವರಿಗೆ ಸಿಕ್ಕ ಗವಿಯದು. ಮೋಪಾನ್ ಮಾಯಾ ಭಾಷೆಯಲ್ಲಿ ಅದಕ್ಕೆ ನಾಹ್ ತುನಿಚ್, ಕಲ್ಲಿನ ಮನೆ, ಎಂದು ಹೆಸರಾಯಿತು. ಎತ್ತರದ ದ್ವಾರ, ಅದರೊಳಗೆ ಕಟ್ಟಿದ ಕಲ್ಲುಗೋರಿಗಳು, ಆಚೆಗೆ ಕಿಲೋಮೀಟರ್‌ಗಟ್ಟಲೆ ಸುರಂಗ. ಸುರಂಗದ ಗೋಡೆಗಳ ಮೇಲೆ ಕಪ್ಪು ರೇಖೆಯಲ್ಲಿ ಬರೆದ ತೊಂಬತ್ತಕ್ಕೂ ಹೆಚ್ಚು ಚಿತ್ರ-ಬರಹಗಳು: ಚೆಂಡಾಡುವವನು, ಕಾಣಿಕೆಯ ಮುಂದೆ ಕೂತವನು, ಶಂಖ ಊದುವವನು, ಮತ್ತು ಸಾಲುಸಾಲು ಅಕ್ಷರಗಳು. ಹೆಚ್ಚಿನವು 8ನೇ ಶತಮಾನದವು.

ಆ ಬರಹಗಳಲ್ಲಿ ದೊಡ್ಡ ಪುರಾಣಗಳಿಲ್ಲ. ಇರುವುದು ತಿಥಿ, ಹೆಸರು, ಊರು, ಮತ್ತು 'ಬಂದರು', 'ಕಂಡರು' ಎಂಬ ಅರ್ಥದ ಕ್ರಿಯಾಪದಗಳು. ಕರಾಕೋಲ್‌ನಂಥ ದೂರದ ರಾಜ್ಯಗಳ ಹೆಸರೂ ಅಲ್ಲಿದೆ. ಅಂದರೆ ಇವು ಯಾತ್ರಿಕರ ಬರಹಗಳು. ಇಂಥ ದಿನ ಇಂಥ ಊರಿನ ಇಂಥವರು ಇಲ್ಲಿಗೆ ಬಂದಿದ್ದರು, ಜೊತೆಗೆ ಇಂಥವರಿದ್ದರು. ಪಂಜಿನ ಬೆಳಕಿನಲ್ಲಿ, ಹೊರಗೆ ಪರಸ್ಪರ ಕಾದಾಡುತ್ತಿದ್ದ ರಾಜ್ಯಗಳ ಜನ ಒಂದೇ ಗೋಡೆಯ ಮೇಲೆ ತಮ್ಮ ಬರವನ್ನು ದಾಖಲಿಸಿ ಹೋದರು. ಕಲಾ ಇತಿಹಾಸಕಾರ್ತಿ ಆಂಡ್ರಿಯಾ ಸ್ಟೋನ್ 1995ರಲ್ಲಿ ಈ ಚಿತ್ರಗಳ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಆ ಹೊತ್ತಿಗೆ ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಾಳಾಗಿದ್ದವು. 1989ರಲ್ಲಿ ಯಾರೋ ಒಳಹೊಕ್ಕು ಅವನ್ನು ಬೇಕೆಂದೇ ಉಜ್ಜಿ, ಗೀಚಿ ಹೋಗಿದ್ದರು. ಹನ್ನೆರಡು ಶತಮಾನ ಉಳಿದ ಗೆರೆಗಳು ಕಂಡುಬಂದ ಹತ್ತು ವರ್ಷದಲ್ಲಿ ಹೋದವು.

ಬೆಲೀಜ್ ದೇಶದ ಅಕ್ತುನ್ ತುನಿಚಿಲ್ ಮುಕ್ನಾಲ್ ಗವಿಯದು ಇನ್ನೊಂದು ಕತೆ. ಅದರ ಹೆಸರಿನ ಅರ್ಥ ಕಲ್ಲುಗೋರಿಯ ಗವಿ. ಒಳಗೆ ಹೋಗಲು ಗವಿಬಾಯಿಂದ ಹೊರಬರುವ ಹೊಳೆಯಲ್ಲಿ ಈಜಬೇಕು, ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಬಂಡೆ ಹತ್ತಬೇಕು. ಮೇಲಿನ ಒಣ ಕೋಣೆಯಲ್ಲಿ ನೂರಾರು ಮಡಕೆಗಳ ನಡುವೆ ಹದಿನಾಲ್ಕು ಮಂದಿಯ ಎಲುಬುಗಳು ಸಿಕ್ಕಿವೆ. ಅವರಲ್ಲಿ ಎಳೆಯ ಮಕ್ಕಳೂ ಇದ್ದಾರೆ. ಒಂದು ಪೂರ್ತಿ ಅಸ್ಥಿಪಂಜರದ ಮೇಲೆ ಸುಣ್ಣದ ಹರಳು ಕಟ್ಟಿ ಅದು ಮಿನುಗುತ್ತದೆ. ಪ್ರವಾಸಿಗರು ಅದನ್ನು 'ಹರಳಿನ ಕನ್ಯೆ' ಎಂದು ಕರೆದರು. ಅದು ಹದಿಹರೆಯದ ಹುಡುಗನದಿರಬೇಕೆಂದು ಈಗ ಸಂಶೋಧಕರು ಹೇಳುತ್ತಾರೆ. ಇವರು ಬಲಿಯಾದವರು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 8 ಮತ್ತು 9ನೇ ಶತಮಾನಗಳಲ್ಲಿ ಮತ್ತೆ ಮತ್ತೆ ಬರ ಬಂದು ದಕ್ಷಿಣದ ಮಾಯಾ ನಗರಗಳು ಒಂದೊಂದಾಗಿ ಖಾಲಿಯಾದವು. ಅದೇ ಕಾಲದಲ್ಲಿ ಬೆಲೀಜಿನ ಗವಿಗಳಲ್ಲಿ ಪೂಜೆಗಳು ಹೆಚ್ಚಿ, ಇನ್ನಷ್ಟು ಆಳಕ್ಕೆ ಹೋದವೆಂದು ಪುರಾತತ್ತ್ವಜ್ಞೆ ಹಾಲಿ ಮೋಯ್ಸ್ ತೋರಿಸಿದ್ದಾರೆ. ಮಳೆ ಬಾರದಿದ್ದಾಗ ಒಡೆಯರಿಗೆ ಕೊಡುವ ಕಾಣಿಕೆ ದೊಡ್ಡದಾಗುತ್ತ ಹೋಯಿತು. ಗವಿಯ ಪಾವಿತ್ರ್ಯದ ಬಗ್ಗೆ ಮಾತಾಡುವವರು ಈ ಮಕ್ಕಳನ್ನು ಬಿಟ್ಟು ಮಾತಾಡಲಾಗದು. ಅಲ್ಲಿ ಅಪ್ಪಣೆ ಕೇಳಿದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು.

ಇಂದು ಆ ಕೋಣೆಗೆ ಕಾಲಿಡುವ ಪ್ರವಾಸಿ ಬೂಟು ಕಳಚಿ ಕಾಲುಚೀಲದಲ್ಲಿ ನಡೆಯಬೇಕು. ಈ ನಿಯಮ ಸುಣ್ಣದ ಪದರ ಮತ್ತು ಮಡಕೆಗಳ ರಕ್ಷಣೆಗಾಗಿ ಬಂದದ್ದು. ಚಪ್ಪಲಿ ಬಿಟ್ಟು ಒಳಹೋಗುವುದು ನಮಗೆ ರೂಢಿ, ಅಲ್ಲಿಗೆ ಬರುವ ಬಹಳ ಮಂದಿಗೆ ಹೊಸದು. 2012ರಲ್ಲಿ ಪ್ರವಾಸಿಯೊಬ್ಬರ ಕೈಯಿಂದ ಕ್ಯಾಮೆರಾ ಜಾರಿ ಸಾವಿರ ವರ್ಷ ಹಳೆಯ ತಲೆಬುರುಡೆಯ ಮೇಲೆ ಬಿದ್ದು ತೂತಾಯಿತು. ಆಮೇಲೆ ಒಳಗೆ ಕ್ಯಾಮೆರಾಗಳನ್ನು ನಿಷೇಧಿಸಲಾಯಿತು.

*

ಗವಿಯ ಅಪ್ಪಣೆ ಕೇಳುವುದು ಈಚಿನ ವರ್ಷಗಳಲ್ಲಿ ರಾಜಕೀಯದ ಮಾತೂ ಆಗಿದೆ. ಯುಕಟಾನ್ ಪರ್ಯಾಯದ್ವೀಪವನ್ನು ಸುತ್ತುವ 'ತ್ರೆನ್ ಮಾಯಾ' ರೈಲು ಯೋಜನೆಗೆ ಚಾಲನೆ ಕೊಡುವಾಗ, 2018ರ ಡಿಸೆಂಬರ್‌ನಲ್ಲಿ, ಮೆಕ್ಸಿಕೋದ ಅಧ್ಯಕ್ಷ ಲೋಪೆಸ್ ಓಬ್ರದೋರ್ ಪಾಲೆಂಕೆಯಲ್ಲಿ ಭೂತಾಯಿಯ ಅಪ್ಪಣೆ ಕೇಳುವ ಪೂಜೆಯಲ್ಲಿ ಪಾಲ್ಗೊಂಡರು. ಧೂಪ, ಕಾಣಿಕೆ, ಮಂತ್ರ, ಯಾವುದಕ್ಕೂ ಕೊರತೆಯಿರಲಿಲ್ಲ. ಜಪಾತಿಸ್ತಾ ಸಂಘಟನೆ ಮತ್ತು ಹಲವು ಮೂಲನಿವಾಸಿ ಗುಂಪುಗಳು ಇದನ್ನು ಅಪಹಾಸ್ಯವೆಂದು ಕರೆದವು: ಭೂಮಿಯನ್ನು ಕೇಳಿದ್ದೀರಿ, ಭೂಮಿಯ ಮೇಲಿರುವ ನಮ್ಮನ್ನು ಕೇಳಿದ್ದೀರಾ?

ಪ್ಲಾಯಾ ದೆಲ್ ಕಾರ್ಮೆನ್ ಮತ್ತು ತುಲುಮ್ ನಡುವಿನ ಭಾಗದಲ್ಲಿ ಹಳಿಯನ್ನು ಎತ್ತರಿಸಲು ಸಾವಿರಾರು ಉಕ್ಕಿನ ಕಂಬಗಳನ್ನು ನೆಲಕ್ಕೆ ಇಳಿಸಲಾಯಿತು. ಅಲ್ಲಿ ನೆಲವೆಂದರೆ ಗವಿಗಳ ಚಾವಣಿ. ಕೆಳಗಿನ ತಿಳಿನೀರಿನ ನಡುವೆ, ಸುಣ್ಣಕಲ್ಲಿನ ಕಂಬಗಳ ಪಕ್ಕದಲ್ಲೇ ಉಕ್ಕಿನ ಕಂಬಗಳು ನಿಂತಿರುವ ಚಿತ್ರಗಳನ್ನು ಗವಿ ಈಜುಗಾರರು ಹೊರಗೆ ತಂದರು. ರೈಲಿನ ಮೊದಲ ಭಾಗ 2023ರ ಡಿಸೆಂಬರ್‌ನಲ್ಲಿ ಓಡಿತು. ಕೆಲಸ, ಸಂಚಾರ, ಪ್ರವಾಸೋದ್ಯಮದ ಹಣ ಬೇಕೆನ್ನುವ ಮಾಯಾ ಊರುಗಳೂ ಇವೆ; ಬೇಡವೆನ್ನುವವೂ ಇವೆ. 2020ರ ಜನಗಣತಿಯಂತೆ ಯುಕಟಾನಿನ ಮಾಯಾ ಭಾಷೆಯನ್ನು ಆಡುವವರು ಸುಮಾರು 7.7 ಲಕ್ಷ. ಇಷ್ಟು ಜನಕ್ಕೆ ಒಂದೇ ಅಭಿಪ್ರಾಯ ಇರಬೇಕೆಂದು ಬಯಸುವುದೂ ತಪ್ಪೇ.

ನಮ್ಮ ಊರುಗಳಲ್ಲಿ ದೇವರ ಅಪ್ಪಣೆ ಕೇಳುವುದು ಗೊತ್ತಿರುವವರಿಗೆ ಇಲ್ಲಿನ ವ್ಯತ್ಯಾಸ ಬೇಗ ತಿಳಿದೀತು. ಮೂರ್ತಿಗೆ ಹೂವಿಟ್ಟು, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ ಎಂದು ಕಾಯುತ್ತಾರೆ. ಎಡಕ್ಕೆ ಬೀಳುವ ಸಾಧ್ಯತೆ ಇರುವುದರಿಂದಲೇ ಅದಕ್ಕೆ ಕೇಳುವುದು ಎನ್ನುತ್ತಾರೆ. ಯೋಜನೆಗೆ ಚಾಲನೆ ಕೊಡುವಾಗಲೇ ನಡೆದ ಪಾಲೆಂಕೆಯ ಪೂಜೆಯಲ್ಲಿ ಹೂವು ಬೀಳಬಹುದಾದ ಎಡಗಡೆಯೇ ಇರಲಿಲ್ಲ.

ಅದೇ 2018ರಲ್ಲಿ, ಚಿಚೆನ್ ಇತ್ಸಾದ ಪಿರಮಿಡ್ಡಿನಿಂದ ಸುಮಾರು 2.7 ಕಿಲೋಮೀಟರ್ ದೂರದಲ್ಲಿ, ಪುರಾತತ್ತ್ವಜ್ಞ ಗಿಯೆರ್ಮೊ ದೆ ಆಂಡಾ ನೆಲದಡಿಯ ನೀರಿನ ಜಾಡು ಹುಡುಕುತ್ತಿದ್ದರು. ಅಲ್ಲೊಂದು ಗವಿಯಿದೆಯೆಂದು ಅವರಿಗೆ ತಿಳಿದದ್ದು ಊರಿನವರಿಂದ. 1966ರಲ್ಲಿ ರೈತರು ಅದನ್ನು ಕಂಡು ಪುರಾತತ್ತ್ವಜ್ಞ ವಿಕ್ತೋರ್ ಸೆಗೋವಿಯಾ ಅವರಿಗೆ ತಿಳಿಸಿದ್ದರು. ಸೆಗೋವಿಯಾ ನೋಡಿ, ಚಿಕ್ಕದೊಂದು ವರದಿ ಬರೆದು, ಏಕೋ ಬಾಯಿಯನ್ನು ಕಲ್ಲುಗಳಿಂದ ಮುಚ್ಚಿಸಿಬಿಟ್ಟರು. ವರದಿ ಕಡತಗಳಲ್ಲಿ ಮರೆತುಹೋಯಿತು. ಆಗ ಹುಡುಗನಾಗಿದ್ದ ಊರಿನ ಹಿರಿಯರೊಬ್ಬರಿಗೆ ಜಾಗ ನೆನಪಿತ್ತು. ಐವತ್ತು ವರ್ಷದ ಮೇಲೆ ಅವರೇ ದಾರಿ ತೋರಿಸಿದರು.

ಗವಿಯ ಹೆಸರು ಬಾಲಾಮ್ಕು. ತೆರೆದಾಗ ಹವಳದ ಹಾವೊಂದು ಬಾಯಲ್ಲಿ ಕೂತು ನಾಲ್ಕು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಕಾವಲಿನ ಹಾವೆಂದು ಊರಿನವರು ಎಚ್ಚರಿಸಿದರು. ಆರು ಗಂಟೆ ಕಾಲ ಶುದ್ಧಿಯ ಪೂಜೆ ನಡೆಯಿತು. ಆಮೇಲೆ ದೆ ಆಂಡಾ ಮತ್ತು ಸಂಗಡಿಗರು ಹೊಟ್ಟೆಯ ಮೇಲೆ ತೆವಳುತ್ತ ಗಂಟೆಗಟ್ಟಲೆ ಒಳಗೆ ಸಾಗಿದರು. ಕೊನೆಗೆ ಕಂಡದ್ದು ಟ್ಲಾಲೋಕ್ ಮುಖದ ಅದೇ ಧೂಪಪಾತ್ರೆಗಳು, ಬಾಲಾಂಕಾಂಚೆಯಲ್ಲಿ ಕಂಡಂಥವು, ಇಟ್ಟ ಜಾಗದಲ್ಲೇ, ನೂರೈವತ್ತಕ್ಕೂ ಹೆಚ್ಚು. ತಮಗೆ ಮಾತೇ ಹೊರಡಲಿಲ್ಲ, ಕಣ್ಣೀರು ಬಂತು ಎಂದು ದೆ ಆಂಡಾ ಆಮೇಲೆ ಹೇಳಿಕೊಂಡರು.

2019ರ ಮಾರ್ಚ್‌ನಲ್ಲಿ ಸುದ್ದಿ ಹೊರಬಿತ್ತು. ಪಾತ್ರೆಗಳನ್ನು ಹೊರತಂದು ಮ್ಯೂಸಿಯಮ್ಮಿಗೆ ಸೇರಿಸುವುದಿಲ್ಲ, ಇದ್ದಲ್ಲಿಯೇ ಅಳೆದು, ಮೂರು ಆಯಾಮದ ನಕ್ಷೆ ಮಾಡಿ, ಬೀಜದ ಚೂರು, ಮಸಿಗಳನ್ನು ಪರೀಕ್ಷಿಸುತ್ತೇವೆ ಎಂದು ತಂಡ ತಿಳಿಸಿತು. ಸಾವಿರ ವರ್ಷದ ಹಿಂದೆ ಬರಗಾಲದಲ್ಲೋ ಸುಗ್ಗಿಯಲ್ಲೋ ಯಾರೋ ತೆವಳಿಕೊಂಡು ಬಂದು ಇಟ್ಟುಹೋದ ಪಾತ್ರೆಗಳನ್ನು ಅಲ್ಲಿಯೇ ಬಿಟ್ಟು ಅವರು ಬಂದ ದಾರಿಯಲ್ಲೇ ಹೊಟ್ಟೆಯ ಮೇಲೆ ತೆವಳಿ ಹಿಂದಿರುಗಿದರು.